ತಾನಾಗಿ ತಣ್ಣಗಿದ್ದ ನೀರು

“ಗುರುಗಳೇ, ನಾನು ಮಠಕ್ಕೆ ಬಂದು ನಾಲ್ಕು ತಿಂಗಳಾಯಿತು. ಮನೆ ತನ್ನ ಪಾಡಿಗೆ ತಾನು ನಡೆಯುತ್ತಿದೆ. ಹೆಂಡತಿಯಿಂದ ಒಂದು ದೂರೂ ಬಂದಿಲ್ಲ. ಇನ್ನು ಇಲ್ಲೇ ಇದ್ದುಬಿಟ್ಟರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

“ಇವತ್ತು ನನ್ನ ಕೈಲಾಗಲ್ಲ ಕಣ್ರೀ. ನೀವೇ ಮೇಲೆ ಹೋಗಿ ತೊಟ್ಟಿಗೆ ಮಂಜುಗಡ್ಡೆ ಹಾಕಿ ಬನ್ನಿ.”

ಒಬ್ಬ ಕೊಳಾಯಿ ಕೆಲಸದವನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು.

ಹೊಟ್ಟೆಪಾಡಿಗೆಂದು ಇಬ್ಬರೂ ಮರಳುಗಾಡಿನ ಒಂದು ಊರು ಸೇರಿದ್ದರು. ಅಲ್ಲಿ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಕಾದ ನೀರು ಬರುತ್ತದೆ. ಕಾಲಿಟ್ಟಲ್ಲೆಲ್ಲ ಮರಳು. ಹೆಂಡತಿಗೆ ಸೊಪ್ಪಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಅಂಗಡಿಯ ಸೊಪ್ಪು ಎಲ್ಲಿಂದಲೋ ಬಂದು, ಬರುವಷ್ಟರಲ್ಲಿ ಬಾಡಿರುತ್ತಿತ್ತು. ಅವಳು ಅದನ್ನು ಮೂಸಿ ನೋಡಿ ಕೆಳಗಿಡುವುದನ್ನು ಅವನು ಎರಡು ಬೇಸಿಗೆ ನೋಡಿದ. ಮೂರನೆಯ ಬೇಸಿಗೆಗೆ ಮುಂಚೆ ತಾರಸಿಯ ಮೇಲೆ ಕೆಲಸ ಹಿಡಿದ.

ಕೈಗೆ ಬಂದ ಕೆಲಸವೇ ಅದು. ಕೆಲಸದಲ್ಲಿ ಉಳಿದ ಪೈಪುಗಳನ್ನು ತಂದು ಗೇಣಿಗೊಂದು ತೂತು ಕೊರೆದ. ತೂತಿಗೊಂದು ಜಾಲರಿ ಲೋಟ, ಲೋಟಕ್ಕೊಂದು ಪಾಲಕ್ ಸಸಿ. ಮಣ್ಣಿಲ್ಲ. ತೊಟ್ಟಿಯಲ್ಲಿ ಗೊಬ್ಬರ ಕರಗಿಸಿದ ನೀರು. ಸಣ್ಣದೊಂದು ಪಂಪು ಆ ನೀರನ್ನು ಎತ್ತಿ ಪೈಪಿಗೆ ಬಿಡುತ್ತದೆ. ನೀರು ಬೇರುಗಳನ್ನು ತೊಳೆದುಕೊಂಡು ಹರಿದು ಮತ್ತೆ ತೊಟ್ಟಿಗೇ ಬೀಳುತ್ತದೆ. ಮೇಲೊಂದು ನೆರಳಿನ ಬಲೆ. ಒಂದು ಕಡೆಯೂ ಸೋರಲಿಲ್ಲ.

ಪಾಲಕ್ ಬಂತು. ಅಂಗೈಯಗಲ ಎಲೆ. ಕಣ್ಣಳತೆಗೆ ಒಂದು ಹುಲ್ಲುಕಡ್ಡಿ ಇಲ್ಲದ ಊರಿನಲ್ಲಿ ಅವನ ತಾರಸಿ ಹಸಿರಾಯಿತು. ಸಂಜೆ ಬಿಸಿಲು ಇಳಿದ ಮೇಲೆ ಅವನು ನೆರೆಯವರನ್ನು ಕರೆದುಕೊಂಡು ಮೇಲೆ ಹೋಗುತ್ತಿದ್ದ.

“ಈ ಬೆಂಕಿಯಲ್ಲಿ ಹೇಗಯ್ಯಾ ಬೆಳೆಸಿದೆ? ನಮ್ಮನೆಯಲ್ಲಿ ಪ್ಲಾಸ್ಟಿಕ್ ಹೂವೇ ಕಮರಿಹೋಯಿತು” ಎಂದು ಒಬ್ಬ ಕೇಳಿದ.

“ನೀರಿಗೆ ದಾರಿ ಮಾಡಿಕೊಟ್ಟರೆ ಮುಗೀತು. ಉಳಿದದ್ದೆಲ್ಲ ತಾನಾಗಿ ನಡೆಯುತ್ತೆ” ಎಂದ ಅವನು.

ಹೆಂಡತಿ ಹಿಂದೆಯೇ ಚಹಾ ಹಿಡಿದು ನಿಂತಿದ್ದಳು.

ಅವನು ಪೈಪು ಬಲ್ಲವ. ಬೇರು ಬಲ್ಲವನಲ್ಲ. ಬೆಚ್ಚಗಾದ ನೀರಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಕಟ್ಟಿದರೆ ಕೊಳೆಯುತ್ತದೆ. ಅದನ್ನು ಕಂಡುಕೊಂಡವಳು ಅವಳು. ಮೊದಲ ವಾರವೇ ತೊಟ್ಟಿಯಲ್ಲಿ ಕೈಯಿಟ್ಟು ನೋಡಿದ್ದಳು. ಅಂದಿನಿಂದ ಬಾಟಲಿಗಳಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಮಂಜುಗಟ್ಟಿಸಿ, ಹಗಲಿಗೆ ಮೂರು ಸಲ ಒಯ್ದು ತೊಟ್ಟಿಗೆ ಇಳಿಬಿಡುತ್ತಿದ್ದಳು. ತಾರಸಿಗೆ ಇದ್ದದ್ದು ಹೊರಗೋಡೆಯ ಕಬ್ಬಿಣದ ಮೆಟ್ಟಿಲು. ಅವಳ ಅಂಗೈ ಕೆಂಪಾಗಿದ್ದುದನ್ನು ಅವನು ಒಮ್ಮೆ ಕಂಡು ಕೇಳಿದ್ದ. “ಬಾಣಲೆ ತಾಗಿತು” ಅಂದಿದ್ದಳು. ಅವನು ಒಪ್ಪಿಕೊಂಡಿದ್ದ. ಅವಳು ಮಂಜುಗಡ್ಡೆ ಹಾಕುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸ್ತಿಲಿಗೆ ರಂಗೋಲಿ ಇಟ್ಟ ಹಾಗೆ ಇದೂ ಅವಳದೊಂದು ಶಾಸ್ತ್ರ ಅಂದುಕೊಂಡಿದ್ದ.

ಆ ದಿನ ಅವಳಿಗೆ ಮೈ ಸುಡುತ್ತಿತ್ತು. ಎದ್ದು ಗೋಡೆ ಹಿಡಿದು ನಿಂತು ಆ ಮಾತು ಹೇಳಿದಳು. ಅವನು ಚಪ್ಪಲಿ ಮೆಟ್ಟುತ್ತಿದ್ದ. ತಲೆಯೆತ್ತದೆ ನಕ್ಕ.

“ಜ್ವರ ಬಂದಿರೋದು ನಿನಗೋ, ನೀರಿಗೋ? ಎಲೆ ಹಸಿರಾಗೇ ಇದೆಯಲ್ಲ. ಮಾತ್ರೆ ನುಂಗಿ ಮಲಗು.”

ಅಷ್ಟು ಹೇಳಿ ಕೆಲಸಕ್ಕೆ ಹೋದ.

ಸಂಜೆ ಮರಳಿ ಬಂದಾಗ ಅವಳು ಮನೆಯೊಳಗಿರಲಿಲ್ಲ. ತಾರಸಿಯಲ್ಲಿ, ತೊಟ್ಟಿಯ ಪಕ್ಕ ಬಿದ್ದಿದ್ದಳು. ಉಸಿರು ಹೋಗಿ ಬಹಳ ಹೊತ್ತಾಗಿತ್ತು. ಪಕ್ಕದಲ್ಲಿ ಮೂರು ಬಾಟಲಿ. ಮಂಜುಗಡ್ಡೆ ಕರಗಿ ನೀರಾಗಿ, ಆ ನೀರೂ ಬಿಸಿಯಾಗಿತ್ತು. ಪಂಪು ಓಡುತ್ತಲೇ ಇತ್ತು.

ಮಣ್ಣು ಮಾಡಿದ ಮಾರನೆಯ ದಿನ ನೆರೆಯವರು ಬಂದು ಕೂತರು. ಒಬ್ಬರು ಸಮಾಧಾನಕ್ಕೆಂದು, “ಅವರು ಸಾಕಿದ ಗಿಡ ಹೇಗೆ ನಳನಳಿಸುತ್ತಿದೆ ನೋಡಿ” ಅಂದರು. ಅವನೂ ಹೋಗಿ ನೋಡಿದ. ಹಸಿರಾಗಿಯೇ ಇತ್ತು. ಮನಸ್ಸಿಗೆ ಒಂದಿಷ್ಟು ನೆಮ್ಮದಿ ಅನಿಸಿತು. ಇದಾದರೂ ಉಳಿಯಿತಲ್ಲ, ಇದನ್ನು ಉಳಿಸಿಕೊಂಡರೆ ಸಾಕು ಅಂದುಕೊಂಡ.

ಮೂರನೆಯ ದಿನ ಎಲೆ ಜೋತುಬಿತ್ತು. ಅವನು ಪೈಪಿನ ಕೀಲುಗಳನ್ನೆಲ್ಲ ತಡವಿದ. ಪಂಪು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ. ನೀರು ಸರಿಯಾಗಿಯೇ ಹರಿಯಿತು. ಕಡೆಗೆ ಒಂದು ಲೋಟವನ್ನು ಮೇಲೆತ್ತಿದ. ಬೇರು ಕಂದಿ ಲೋಳೆಯಾಗಿತ್ತು, ಗಬ್ಬು ವಾಸನೆ. ಇನ್ನೊಂದನ್ನು ಎತ್ತಿದ. ಅದೂ ಹಾಗೆಯೇ. ಎಲೆ ಹಸಿರಾಗಿದ್ದ ದಿನವೇ ಬೇರು ಸತ್ತಿತ್ತು. ತೊಟ್ಟಿಯ ಮುಚ್ಚಳ ತೆಗೆದು, ಕಟ್ಟಿದ ಮೇಲೆ ಮೊದಲ ಸಲ, ನೀರಿಗೆ ಕೈಯಿಟ್ಟ. ಕೂಡಲೇ ತೆಗೆದ.

ಕೆಳಗೆ ಬಂದು ಫ್ರಿಜ್ಜಿನ ಮೇಲಿನ ಬಾಗಿಲು ತೆರೆದ. ಒಳಗೆ ಬಾಟಲಿಗಳ ಸಾಲು. ಹಿಡಿದರೆ ಬೆರಳು ಮರಗಟ್ಟದಿರಲೆಂದು ಒಂದೊಂದಕ್ಕೂ ಹಳೆಯ ಸೀರೆಯ ಚೂರು ಸುತ್ತಿ ಕಟ್ಟಿತ್ತು. ಅವಳು ಮಾರನೆಯ ದಿನಕ್ಕೆಂದು ತುಂಬಿಟ್ಟವು.

ಅವನು ಬಾಗಿಲು ಮುಚ್ಚಿ ಅಲ್ಲೇ ನೆಲಕ್ಕೆ ಕೂತ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ಬಿಸಿಲು ಏರಲಿ ಎಂದು ಕಾದ. ಏರಿದ ಮೇಲೆ ಮೂರು ಬಾಟಲಿ ಎದೆಗೊತ್ತಿಕೊಂಡು ಹೊರಟ. ಮೆಟ್ಟಿಲ ಕಂಬಿ ಹಿಡಿದ ಕೈ ಚುರ್ರೆಂದಿತು. ಹತ್ತುತ್ತಾ ಎಣಿಸಿದ. ಮೂವತ್ತೇಳು ಮೆಟ್ಟಿಲು. ಎಲೆಯೆಲ್ಲ ಮುದುಡಿ ಒಣಗಿದ್ದ ತಾರಸಿಯಲ್ಲಿ ತೊಟ್ಟಿಗೆ ಬಾಟಲಿ ಇಳಿಬಿಟ್ಟ. ಇಳಿದು ಬಂದ. ಎರಡನೆಯ ಸಲ ಹತ್ತಿದ. ಇಪ್ಪತ್ತನೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಅವನಿಗೆ ಜ್ವರವೂ ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ:

“ಗಿಡ ಸತ್ತ ಮೇಲೆ ನೀರು ತಣ್ಣಗೆ ಮಾಡಿ ಏನು ಬಂತು, ಗುರುಗಳೇ?”

“ಏನೂ ಬರಲಿಲ್ಲ. ನಿನ್ನ ಹೆಂಡತಿ ದಿನಾ ನೀರಿಗೆ ಇಳಿಯುವ ನಿಮ್ಮೂರ ಬಾವಿಗೆ ಎಷ್ಟು ಮೆಟ್ಟಿಲು, ಗೊತ್ತೇ?”