ತಾಯಿ ನಿಂತ ಜಾಗ

ತುಂಗಭದ್ರೆಯ ದಡದಲ್ಲಿ ಸಹಜಾನಂದರೆಂಬ ಗುರುಗಳ ಆಶ್ರಮವಿತ್ತು. ಅವರ ಶಿಷ್ಯ ವಾಮದೇವ ತರ್ಕದಲ್ಲಿ ಗಟ್ಟಿಗ. ಅವನೆದುರು ವಾದಕ್ಕೆ ಕುಳಿತವರು ಗೆದ್ದು ಎದ್ದದ್ದಿಲ್ಲ.

ಒಂದು ಸಂಜೆ ಅವನು ಹೊಳೆಯಾಚೆಯ ಊರಿನಿಂದ ಮರಳಿದ. ಮುಖದಲ್ಲಿ ಗೆಲುವಿತ್ತು.

"ಏನು ವಿಶೇಷ?" ಎಂದರು ಗುರುಗಳು.

"ಆ ಊರಲ್ಲಿ ಒಂದು ದೇವಿಯ ಗುಡಿಯಿದೆ. ಹುಲಿಗೆವ್ವ ಎಂಬ ಮುದುಕಿ ಅದರ ಪೂಜಾರಿ. ದಿನಾ ಬೆಳಿಗ್ಗೆ ಲೋಕ ಹುಟ್ಟಿದ ಹಾಡು ಹಾಡಿಯೇ ಗುಡಿಯ ಬಾಗಿಲು ತೆಗೆಯುವುದಂತೆ. ಮೊದಲು ಬರೀ ನೀರಿತ್ತಂತೆ. ತಾಯಿ ನೀರಿಗೆ ಕೈಯಿಟ್ಟು ಒಂದು ಬೊಗಸೆ ಮಣ್ಣು ಎತ್ತಿದಳಂತೆ. ಅದೇ ಭೂಮಿಯಾಯಿತಂತೆ. ನಾನು ಒಂದೇ ಮಾತು ಕೇಳಿದೆ. ನೆಲವೇ ಇಲ್ಲದಾಗ ಆ ತಾಯಿ ನಿಂತದ್ದೆಲ್ಲಿ?"

"ಆಕೆ ಏನಂದರು?"

"ಏನೂ ಅನ್ನಲಿಲ್ಲ. ಸುತ್ತ ಇದ್ದವರು ನಕ್ಕರು. ಜಗತ್ತು ಅನಾದಿ, ಅದನ್ನು ಯಾರೂ ಮಾಡಿದ್ದಲ್ಲ ಎಂದು ಬಿಡಿಸಿ ಹೇಳಿದೆ. ಎಲ್ಲರೂ ತಲೆದೂಗಿದರು."

"ಮಾರನೆಯ ಬೆಳಿಗ್ಗೆ ಹಾಡಿದರೇ?"

"ಇಲ್ಲ. ಬಾಗಿಲನ್ನೂ ತೆಗೆಯಲಿಲ್ಲ."

ಗುರುಗಳು ಎದ್ದರು. ಅವನು ಆಗಷ್ಟೇ ಇಳಿಸಿದ್ದ ಜೋಳಿಗೆಯನ್ನು ಎತ್ತಿ ಅವನ ಹೆಗಲಿಗೇ ಹಾಕಿದರು.

"ಆಕೆ ಹಾಡುವ ತನಕ ಇತ್ತ ಬರಬೇಡ."

ವಾಮದೇವನಿಗೆ ದಿಕ್ಕು ತೋಚಲಿಲ್ಲ. "ಸುಳ್ಳನ್ನು ನಿಜವೆಂದು ಒಪ್ಪಿಕೊಂಡು ಬರಲೇ, ಗುರುಗಳೇ?"

"ಸುಳ್ಳು ಹೇಳು ಎಂದೆನೇ ನಾನು?"

ಬೆಳಗಾದ ಮೇಲೆ ಅವನು ಹರಿಗೋಲು ಹತ್ತಿ ಹೊಳೆ ದಾಟಿದ.

ಹುಲಿಗೆವ್ವ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಬಾಗಿಲು ಮುಚ್ಚಿತ್ತು. ಅವನು ಕಾಲಿಗೆರಗಿ ತಪ್ಪಾಯಿತು ಎಂದ.

"ನನಗೇನು ಸಿಟ್ಟಿಲ್ಲಪ್ಪ. ಏಳು," ಎಂದಳು ಆಕೆ. "ನನ್ನ ಮಗಳನ್ನ ಈ ಹೊಳಿ ಒಯ್ತು. ಮರುದಿನಾನೂ ನಾನು ಹಾಡೀನಿ. ನೀರಾಗಿಂದ ಮಣ್ಣು ಎತ್ತಿದಾಕಿ ನನ್ನ ಮಗಳನ್ನೂ ಎತ್ತಿ ಉಡಿಯಾಗ ಇಟ್ಕೊಂಡಿರ್ತಾಳ ಅಂತ ತಿಳಕೊಂಡು ಹಾಡೀನಿ. ಈಗ ಬಾಯಿ ತಗದ್ರ ನಿನ್ನ ಮಾತ ಮುಂದ ಬಂದು ನಿಲ್ತೈತಿ. ತಾಯಿಗೇ ನಿಲ್ಲಾಕ ಜಾಗ ಇರಲಿಲ್ಲಂದ್ರ, ನನ್ನ ಕೂಸನ್ನ ಎಲ್ಲಿ ಇಟ್ಕೊಂಡಾಳು?"

ವಾಮದೇವ ಬಾಯಿ ತೆರೆದ. ಅನಾದಿಯ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಆ ಮಗುವಿಗೆ ಅದರಲ್ಲಿ ಎಲ್ಲಿಯೂ ಜಾಗ ಕಾಣಲಿಲ್ಲ. ಆ ಮಾತನ್ನು ಬಿಟ್ಟು ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡ.

ಅವನು ಹಿಂದಿರುಗಲಿಲ್ಲ. ಗುಡಿಯ ಅಂಗಳ ಗುಡಿಸಿದ. ಹೊಳೆಯಿಂದ ನೀರು ಹೊತ್ತು ತಂದ. ಆಕೆ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ರೊಟ್ಟಿ ಬಡಿದಾಗ ಅವನ ಪಾಲನ್ನೂ ಬಡಿದಳು. ಊರವರು ಕಟ್ಟೆಯ ಮುಂದೆ ಹಾದುಹೋಗುವಾಗ ಮುಚ್ಚಿದ ಬಾಗಿಲು ನೋಡಿ ತಲೆ ತಗ್ಗಿಸುತ್ತಿದ್ದರು. ನಕ್ಕವರಲ್ಲಿ ಈಗ ನಗುವವರು ಯಾರೂ ಇರಲಿಲ್ಲ.

ಹೀಗೇ ದಿನಗಳು ಕಳೆದವು. ಒಂದು ಬೆಳಿಗ್ಗೆ ಅವನು ಕೇಳಿದ:

"ಅವ್ವಾ, ಆ ಹಾಡು ನನಗೆ ಕಲಿಸ್ತೀಯಾ?"

"ನಂಬಲಾರದವಗ ಹಾಡು ಯಾಕ?"

"ನಾನು ಅದನ್ನು ಪೂರ್ತಿ ಕೇಳಲೇ ಇಲ್ಲ. ಕೇಳದೆಯೇ ಮುರಿದೆ. ಏನನ್ನು ಮುರಿದೆ ಎಂಬುದಾದರೂ ತಿಳಿಯಲಿ."

ಹುಲಿಗೆವ್ವ ಮಾತಿನಂತೆಯೇ, ರಾಗವಿಲ್ಲದೆ ಹೇಳಿಕೊಟ್ಟಳು:

"ಹಗಲೆಂಬುದಿರಲಿಲ್ಲ, ಇರುಳೆಂಬುದಿರಲಿಲ್ಲ, ಕರೆವವರಿಲ್ಲದೆ ಹೆಸರಿರಲಿಲ್ಲ."

ವಾಮದೇವ ಹಾಡಿದ. ರಾಗ ಎತ್ತಲೋ ಹೋಯಿತು.

"ಹಂಗಲ್ಲ," ಎಂದು ಆಕೆ ತಿದ್ದಿದಳು. ತಿದ್ದಲು ರಾಗ ಎತ್ತಲೇಬೇಕಾಯಿತು. ಮೊದಲು ಸಣ್ಣ ದನಿ. ಸಾಲಿನಿಂದ ಸಾಲಿಗೆ ಅದು ಬೆಳೆಯಿತು.

"ನೀರಾಗ ಕೈಯಿಟ್ಟಾಳ ನಮ್ಮವ್ವ..."

ಅಲ್ಲಿ ದನಿ ನಿಂತಿತು.

"ನನಗ ಗೊತ್ತಿಲ್ಲಪ್ಪ ಆಕಿ ಎಲ್ಲಿ ನಿಂತಿದ್ಲು ಅಂತ," ಎಂದಳು. "ನಿನಗರ ಗೊತ್ತೈತೇನು?"

"ಇಲ್ಲವ್ವ. ಅನಾದಿ ಎಂದು ಓದಿದ್ದೇನೆ. ಓದಿದ್ದಷ್ಟೇ. ನೋಡಿದವನಲ್ಲ ನಾನು."

"ನಿನಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

ಎದುರಿಗೆ ಹೊಳೆ ತುಂಬಿ ಹರಿಯುತ್ತಿತ್ತು. ಹುಲಿಗೆವ್ವ ಆ ನೀರನ್ನೇ ಬಹಳ ಹೊತ್ತು ನೋಡಿದಳು. ವಾಮದೇವ ಪಕ್ಕದಲ್ಲಿರುವುದು ಮರೆತಂತಿತ್ತು.

ಆಮೇಲೆ, ಯಾರಿಗೂ ಕಲಿಸಲೆಂದಲ್ಲ, ಬಿಟ್ಟಲ್ಲಿಂದ ಎತ್ತಿಕೊಂಡಳು:

"ನೀರಾಗ ಕೈಯಿಟ್ಟಾಳ ನಮ್ಮವ್ವ, ಮುಳುಗಿದ್ದನ್ನೆಲ್ಲಾ ಎತ್ಯಾಳ."

ಹಾಡು ಮುಗಿಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಗುಡಿಯ ಬಾಗಿಲು ತೆಗೆದಳು.

ವಾಮದೇವ ಆಶ್ರಮಕ್ಕೆ ಮರಳಿದಾಗ ಗುರುಗಳು ಹೊಳೆಯ ದಂಡೆಯಲ್ಲಿ ಕುಳಿತಿದ್ದರು.

"ಹಾಡಿದರೇ?"

"ಹಾಡಿದರು."

"ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೇ?"

"ಇಲ್ಲ, ಗುರುಗಳೇ. ನನ್ನ ಬಳಿ ಇದ್ದದ್ದೂ ಉತ್ತರವಾಗಿ ಉಳಿಯಲಿಲ್ಲ."

ಅವನು ನಿಂತೇ ಇದ್ದ. ಇಷ್ಟು ವರ್ಷ ಪಾಠ ಕೇಳಿದ್ದರೂ, ಒಂದು ಪ್ರಶ್ನೆಯನ್ನು ಅವನು ನಿಜವಾಗಿ ಕೇಳಿದ್ದು ಅಂದೇ ಮೊದಲು.

"ನಿಮಗೆ ಗೊತ್ತೇ, ಗುರುಗಳೇ? ಎಲ್ಲಕ್ಕೂ ಮೊದಲು ಏನಿತ್ತು?"

ಸಹಜಾನಂದರು ತುಸು ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು.

"ಕೂತುಕೋ," ಎಂದರು. "ಆ ಹಾಡನ್ನು ಮೊದಲಿಂದ ಹೇಳು."