ಯಾವ ಬಿಡು?

ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಬ್ಬ ಗುರು ಇದ್ದ. ಹೆಸರು ಮುನಿಶಾಮಪ್ಪ. ಮುನಿ ಅಂದರೆ ಋಷಿ ಅಂತ ಹೊಸಬರು ತಿಳಿದುಕೊಳ್ಳುತ್ತಿದ್ದರು. ಮುನಿಯುವುದು ಅಂದರೆ ಸಿಟ್ಟಾಗುವುದು ಅಂತ ಹಳಬರಿಗೆ ಗೊತ್ತಿತ್ತು.

ಅವನು ವೇದ ಹೇಳಿಕೊಡುತ್ತಿರಲಿಲ್ಲ, ವಾಟರ್ ಸ್ಕೀ ಹೇಳಿಕೊಡುತ್ತಿದ್ದ. ಕಾಲಿಗೆ ಎರಡು ಹಲಗೆ, ಕೈಗೊಂದು ಹಗ್ಗದ ಹಿಡಿ, ಮುಂದೊಂದು ಮೋಟಾರು ಬೋಟು. ಬೋಟು ಎಳೆದಾಗ ಮನುಷ್ಯ ನೀರಿನ ಮೇಲೆ ಎದ್ದು ನಿಲ್ಲಬೇಕು. ಅಷ್ಟಕ್ಕೇ ಜನ ಅವನ ಹುಲ್ಲಿನ ಚಪ್ಪರವನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿ ಭಜನೆ ಕೇಳಿಸುತ್ತಿರಲಿಲ್ಲ, ಬೈಗುಳ ಕೇಳಿಸುತ್ತಿತ್ತು.

ಶಿಷ್ಯನ ಹೆಸರು ಚೌಡೇಶ. ಗುರುವಿನಿಂದ ಅವನು ಮೊದಲು ಕಲಿತದ್ದು ಸಿಟ್ಟು, ಆಮೇಲೆ ಸ್ಕೀ. ಎರಡರಲ್ಲೂ ಗಟ್ಟಿಗನಾಗಿದ್ದ.

"ಗುರುಗಳೇ, ನಾನು ಮೇಷ್ಟ್ರಾಗೋದು ಯಾವಾಗ?" ಎಂದು ಒಂದು ದಿನ ಕೇಳಿದ.

"ಒಂದು ಮಗೂಗೆ ಕಲಿಸು. ನಿಂತರೂ ಸರಿ, ಬಿದ್ದರೂ ಸರಿ. ಮಾರನೇ ದಿನ ಆ ಮಗು ಯಾರೂ ಕರೀದೆ ತಾನಾಗೇ ನೀರಿಗೆ ಬರಬೇಕು. ಬಂದ್ರೆ ನೀನು ಮೇಷ್ಟ್ರು. ಬರದಿದ್ರೆ ಹಲಗೆ ತೊಳ್ಕೊಂಡಿರು."

"ಇಷ್ಟೇನಾ?" ಎಂದ ಚೌಡೇಶ.

ಅವನಿಗೆ ಅಕ್ಕನ ಮಗಳೊಬ್ಬಳಿದ್ದಳು. ಇಂಚರ, ಏಳು ವರ್ಷದವಳು. ಈಜು ಬರುತ್ತಿತ್ತು, ಹೆದರಿಕೆ ಬರುತ್ತಿರಲಿಲ್ಲ. ಮಾಮ ಅಂದರೆ ಪ್ರಾಣ. ಇವಳು ಬರದೆ ಇನ್ಯಾರು ಬಂದಾರು ಅಂತ ಚೌಡೇಶ ಅವಳನ್ನೇ ಕರೆತಂದ.

ಗುರುವಿನ ಬೋಟಿನ ಹಿಂಭಾಗದಲ್ಲಿ ಒಂದು ಕೊಕ್ಕೆ ಇತ್ತು. ಹಗ್ಗದ ತುದಿಯನ್ನು ಆ ಕೊಕ್ಕೆಗೆ ಸಿಕ್ಕಿಸಬೇಕು. ಕೊಕ್ಕೆಗೊಂದು ಸಣ್ಣ ದಾರ. ಅದನ್ನು ಎಳೆದರೆ ಕೊಕ್ಕೆ ಬಿಚ್ಚಿಕೊಂಡು ಹಗ್ಗ ನೀರಿಗೆ ಬೀಳುತ್ತದೆ, ಬೋಟು ತನ್ನ ಪಾಡಿಗೆ ಹೋಗುತ್ತದೆ. ಕಲಿಸುವವನು ಹಿಂದಕ್ಕೆ ಮುಖ ಮಾಡಿ ಕೂತು ಆ ದಾರ ಹಿಡಿದಿರಬೇಕು. ಬೋಟು ನಡೆಸುವ ಪಿಳ್ಳಪ್ಪ ಮುಂದೆ ನೋಡುತ್ತಾನೆ.

"ಮೊಣಕಾಲು ಎದೆಗೆ ತಗೋ. ಕೈ ನೇರ ಇರಲಿ. ನೀನು ಏಳಬೇಡ, ಬೋಟೇ ಎಬ್ಬಿಸುತ್ತೆ." ಬೋಟಿನಲ್ಲಿ ಕೂತ ಚೌಡೇಶ ಗಿಣಿಗೆ ಹೇಳಿದ ಹಾಗೆ ಹೇಳಿದ.

ಬೋಟು ಹೊರಟಿತು. ಇಂಚರ ಕೈ ಮಡಚಿ ಹಿಡಿಯನ್ನು ಎದೆಗೆ ಎಳೆದುಕೊಂಡಳು. ಹಿಂದಕ್ಕೆ ಬಿದ್ದಳು. ನಗುತ್ತ ಎದ್ದಳು.

ಮತ್ತೆ ಮಡಚಿದಳು, ಮತ್ತೆ ಬಿದ್ದಳು.

ಚೌಡೇಶ ದಡದ ಕಡೆ ಕಣ್ಣು ಹಾಯಿಸಿದ. ಗುರು ನೋಡುತ್ತಿದ್ದ. ಚೌಡೇಶನಿಗೆ ಪಿತ್ತ ನೆತ್ತಿಗೇರಿತು.

"ಕೈ ಮಡಚಬೇಡ ಅಂತ ಎಷ್ಟು ಸಲ ಹೇಳ್ಲಿ? ಕತ್ತೆ! ತಲೇಲಿ ಏನಿದೆ, ಹೊಟ್ಟಾ? ಹಿಡಿ ಗಟ್ಟಿಯಾಗಿ ಹಿಡ್ಕೋ. ಬಿಟ್ರೆ ನೋಡು ಮತ್ತೆ!"

ಮಗು ನಗುವುದನ್ನು ನಿಲ್ಲಿಸಿತು.

ಈ ಸಲ ಅವಳು ಎದ್ದಳು. ಹಲಗೆಗಳ ಮೇಲೆ ಒಂದು ಗಳಿಗೆ ನಿಂತೂ ನಿಂತಳು. ಆಮೇಲೆ ವಾಲಿ ಮುಖ ಅಡಿಯಾಗಿ ಬಿದ್ದಳು. ಬಿದ್ದರೂ ಹಿಡಿ ಬಿಡಲಿಲ್ಲ. ಬಿಟ್ಟರೆ ನೋಡು ಅಂದಿದ್ದನಲ್ಲ ಮಾಮ.

"ಬಿಡು!" ಚೌಡೇಶ ಕಿರುಚಿದ. "ಬಿಡು! ಬಿಡು!"

ಹಗ್ಗ ಬಿಡು ಅಂತ ಅವನ ಅರ್ಥ. ಮುಂದೆ ನೋಡುತ್ತಿದ್ದ ಪಿಳ್ಳಪ್ಪನಿಗೆ ಬೋಟು ಬಿಡು ಅಂತ ಕೇಳಿಸಿತು. ದಿನಾ ಜನ ಅವನಿಗೆ ಹೇಳುವುದೇ ಹಾಗೆ. ಅವನು ಇನ್ನೂ ಜೋರಾಗಿ ಬಿಟ್ಟ.

ಬೋಟು ಮಗುವನ್ನು ನೀರಿನಲ್ಲಿ ದರದರ ಎಳೆಯಿತು. ಕೆಂಪು ಲೈಫ್ ಜಾಕೆಟ್ಟು ಒಮ್ಮೆ ಕಂಡಿತು, ಒಮ್ಮೆ ಮುಳುಗಿತು. ಚೌಡೇಶ ಎದ್ದು ನಿಂತು, ಬೆರಳು ತೋರಿಸಿ ತೋರಿಸಿ ಕೂಗಿದ.

"ಬಿಡು ಅಂದ್ರೆ ಕೇಳ್ಸಲ್ವಾ, ಕಿವುಡಿ!"

ಗುರು ಟವೆಲು ಬೀಸುತ್ತ ನೀರಿಗಿಳಿದು ಓಡಿ ಬರುತ್ತಿದ್ದದ್ದು ಪಿಳ್ಳಪ್ಪನ ಕಣ್ಣಿಗೆ ಬಿತ್ತು. ಎಂಜಿನ್ ನಿಲ್ಲಿಸಿದ.

ದಡದಲ್ಲಿ ಇಂಚರ ಕುಡಿದ ನೀರೆಲ್ಲ ಕಾರಿದಳು. ಅಂಗೈ ತರಚಿ ಕೆಂಪಗಾಗಿತ್ತು. ಗುರು ಅವಳಿಗೆ ಟವೆಲು ಸುತ್ತಿದ. ಚೌಡೇಶ ತಲೆ ಸವರಲು ಹೋದ. ಅವಳು ಆ ಕೈಗೆ ಪಟ್ಟಂತ ಹೊಡೆದಳು.

"ಬಿಡು ಬಿಡು ಅಂತ ನನಗೆ ಬೈದೆ. ನೀನ್ಯಾಕೆ ಬಿಡಲಿಲ್ಲ?"

"ನಾನೇನು ಬಿಡಬೇಕಿತ್ತು? ಹಗ್ಗ ನಿನ್ನ ಕೈಲಿತ್ತಲ್ಲ!"

"ಹೋಗು. ನಿನ್ನ ಜೊತೆ ಟೂ ಬಿಟ್ಟೆ."

ಮುಖ ತಿರುಗಿಸಿಕೊಂಡಳು. ಏಳು ವರ್ಷದವರು ಟೂ ಬಿಟ್ಟರೆ ಅದಕ್ಕೆ ಮೇಲ್ಮನವಿ ಇಲ್ಲ. ನಾಳೆ ಇವಳು ನೀರಿಗೆ ಬರುವುದು ಅಷ್ಟರಲ್ಲೇ ಇದೆ ಅಂತ ಚೌಡೇಶನಿಗೆ ಗೊತ್ತಾಯಿತು. ಸಿಟ್ಟು ಇಮ್ಮಡಿಯಾಯಿತು.

"ಪಿಳ್ಳಪ್ಪಣ್ಣ, ನಿಮಗಾದ್ರೂ ಬುದ್ಧಿ ಬೇಡ್ವಾ? ಮಗು ಬಿದ್ದಿದೆ, ನೀವು ಜೋರು ಮಾಡ್ತೀರಲ್ಲ!"

"ಬಿಡು ಅಂದೆ, ಬಿಟ್ಟೆ. ನಿಲ್ಲಿಸು ಅಂದಿದ್ರೆ ನಿಲ್ಲಿಸ್ತಿದ್ದೆ." ಪಿಳ್ಳಪ್ಪನೂ ಕೆರಳಿದ. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೋರಿಸಬೇಡ ಕಣಯ್ಯ."

ಚೌಡೇಶ ಹಗ್ಗವನ್ನು ಬೈದ. ಗಾಳಿಯನ್ನು ಬೈದ. ಕುಣಿಯಲು ಬಾರದವಳಿಗೆ ನೆಲ ಡೊಂಕು ಅಂತಾರಲ್ಲ, ಇವನಿಗೆ ನೀರೂ ಡೊಂಕಾಗಿತ್ತು.

ಗುರು ಅವನನ್ನೇ ದಿಟ್ಟಿಸಿದ. ಕಣ್ಣು ಕೆಂಡದ ಹಾಗಿತ್ತು.

"ಗುರುಗಳೇ, ಬೈಯೋದಾದ್ರೆ ಬೈದುಬಿಡಿ. ಹೀಗೆ ನೋಡಬೇಡಿ. ನೀವೇನು ನನ್ನನ್ನ ಮುದ್ದು ಮಾಡಿ ಕಲಿಸಿದ್ರಾ? ಬೈದು ಬೈದೇ ಕಲಿಸಿದ್ದು ತಾನೆ?"

"ಹೌದು, ಬೈದೆ," ಎಂದ ಗುರು. "ಬೈಯುವಾಗ ನನ್ನ ಕೈ ಎಲ್ಲಿರ್ತಿತ್ತು?"

ಚೌಡೇಶ ಯೋಚಿಸಿದ. ಗುರುವಿನ ಬಾಯಿ ಚೆನ್ನಾಗಿ ನೆನಪಿತ್ತು. ಕೈ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ."

"ಹಲಗೆ ಕಟ್ಕೋ. ನೀರಿಗಿಳಿ."

ಮಧ್ಯಾಹ್ನದ ಬಿಸಿಲಲ್ಲಿ ಚೌಡೇಶ ಹಗ್ಗ ಹಿಡಿದು ನೀರಿನಲ್ಲಿ ಕೂತ. ಗುರು ಇಂಚರಳನ್ನು ಬೋಟಿಗೆ ಹತ್ತಿಸಿ, ಕೊಕ್ಕೆಯ ದಾರವನ್ನು ಅವಳ ಕೈಗೆ ಕೊಟ್ಟ. ತಾನು ಪಕ್ಕದಲ್ಲಿ ಕೈಕಟ್ಟಿ ಕೂತ.

"ಕಂದಾ, ಇದನ್ನ ಎಳೆದ್ರೆ ಏನಾಗುತ್ತೆ ಗೊತ್ತಲ್ಲ?"

"ಹಗ್ಗ ಬಿದ್ದುಹೋಗುತ್ತೆ."

"ಯಾವಾಗ ಎಳೀಬೇಕು ಅಂತ ನಾನು ಹೇಳಲ್ಲ. ಬೆಳಿಗ್ಗೆ ಇವನು ನಿನಗೆ ಏನೇನಂದ್ನೋ ಎಲ್ಲಾನೂ ಇವನಿಗೆ ಅನ್ನು. ಒಂದನ್ನೂ ಬಿಡಬೇಡ."

"ಕತ್ತೆ ಅನ್ನೋದನ್ನೂ ಹೇಳ್ಬೇಕಾ, ತಾತ?"

"ಅದನ್ನೇ ಮೊದಲು ಹೇಳು." ಗುರು ಪಿಳ್ಳಪ್ಪನ ಕಡೆ ತಿರುಗಿದ. "ನೀನು ಹಿಂದಕ್ಕೆ ನೋಡಬೇಡ. ಕಿವಿಗೆ ಬಿದ್ದ ಹಾಗೆ ಮಾಡು."

ಬೋಟು ಹೊರಟಿತು. ಚೌಡೇಶ ಸಲೀಸಾಗಿ ಎದ್ದು ನಿಂತ.

"ಕತ್ತೆ!" ಎಂದಳು ಇಂಚರ.

ಚೌಡೇಶ ನಕ್ಕ.

"ಕೈ ಮಡಚಬೇಡ ಅಂತ ಎಷ್ಟು ಸಲ ಹೇಳ್ಲಿ? ತಲೇಲಿ ಏನಿದೆ, ಹೊಟ್ಟಾ?"

ಅವನ ಕೈ ನೇರವಾಗಿಯೇ ಇತ್ತು. ಮಾತು ಕೇಳಿಸಿದ ಮೇಲೆ ಮಡಚಿತು. ತನ್ನದೇ ಮಾತು, ತನ್ನದೇ ರಾಗ, ಅದೂ ಇಷ್ಟುದ್ದದ ಹುಡುಗಿಯ ಬಾಯಲ್ಲಿ! ನಗು ಹೋಗಿ ಉರಿ ಹತ್ತಿತು. ಹಲಗೆ ವಾಲಿತು. ವರ್ಷಗಟ್ಟಲೆ ಬೀಳದವನು ದೊಪ್ಪನೆ ಬಿದ್ದ.

"ಬಿಡು! ಬಿಡು!" ಇಂಚರ ಕೂಗಿದಳು. ಪಿಳ್ಳಪ್ಪ ಜೋರಾಗಿ ಬಿಟ್ಟ. "ಬಿಡು ಅಂದ್ರೆ ಕೇಳ್ಸಲ್ವಾ, ಕಿವುಡ!"

ಮೂಗಿಗೆ ನೀರು ನುಗ್ಗಿತು. ಬಿದ್ದವನು ಹಗ್ಗ ಬಿಡಬೇಕು, ಅದು ಮೊದಲ ಪಾಠ. ಚೌಡೇಶನಿಗೆ ಗೊತ್ತಿತ್ತು. ಮುಷ್ಟಿಗೆ ಗೊತ್ತಿರಲಿಲ್ಲ. ಅವಳು ಕೂಗಿದಷ್ಟೂ ಅದು ಬಿಗಿಯಿತು. ಮಗುವಿನ ಮೇಲೆ ಸಿಟ್ಟು, ಪಿಳ್ಳಪ್ಪನ ಮೇಲೆ ಸಿಟ್ಟು, ಕೈಕಟ್ಟಿ ಕೂತ ಆ ಮುದುಕನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಈಗ ಬಿಟ್ಟರೆ ಇವರ ಮುಂದೆ ಸೋತ ಹಾಗೆ. ಬಿಡಲಾರೆ ಅಂತ ಹಲ್ಲು ಕಚ್ಚಿ ಹಿಡಿದ.

ಇದ್ದಕ್ಕಿದ್ದಂತೆ ಕೂಗು ನಿಂತಿತು.

ನೀರಿನ ನಡುವೆ ಅವನಿಗೆ ಅವಳು ಕಂಡಳು. ಬಾಯಿ ಮುಚ್ಚಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಮರುಕ್ಷಣ ದಾರ ಎಳೆದಳು.

ಹಗ್ಗ ಸಡಿಲವಾಯಿತು. ನೀರು ನಿಂತಿತು. ಚೌಡೇಶ ಸುಮ್ಮನೆ ತೇಲಿದ.

ಆಗ ಗುರುವಿನ ಕೈ ನೆನಪಾಯಿತು. ಬಾಯಿ ಎಷ್ಟೇ ಬೈಯಲಿ, ಬಲಗೈ ಯಾವಾಗಲೂ ತೊಡೆಯ ಮೇಲೆ, ತೋರುಬೆರಳಿಗೆ ಆ ದಾರದ ಸುತ್ತು. ಆ ಬೆರಳು ಒಂದು ಸಲವೂ ಅವನ ಕಡೆ ಚಾಚಿರಲಿಲ್ಲ.

ಬೋಟು ಹಿಂದಿರುಗಿತು. ಇಂಚರ ಬಗ್ಗಿ ನೋಡಿದಳು.

"ನಾನು ದಾರ ಎಳೀಬೇಕಿತ್ತು ಪುಟ್ಟಿ," ಎಂದ ಚೌಡೇಶ. "ಎಳೀಲಿಲ್ಲ. ತಪ್ಪು ನಂದೇ."

"ತಾತ, ನಾನು ಟೂ ಬಿಟ್ಟಿದೀನಿ, ಮಾತಾಡಲ್ಲ ಅಂತ ಮಾಮಂಗೆ ಹೇಳಿ."

"ಕೇಳಿಸ್ತೇನೋ?" ಎಂದ ಗುರು.

"ಕೇಳಿಸ್ತು," ಎಂದ ಚೌಡೇಶ.

ಮಾರನೇ ದಿನ ಬೆಳಗಾಗುತ್ತಲೇ ಅವನು ದಡದಲ್ಲಿ ಬಂದು ಕೂತ. ಅಕ್ಕನ ಮನೆಗೆ ಹೋಗಿ ಕರೆಯುವ ಹಾಗಿರಲಿಲ್ಲ. ಬಿಸಿಲೇರಿತು. ಹಲಗೆ ತೊಳೆಯಲು ಎದ್ದ. ಸಿಟ್ಟು ಇತ್ತು. ಈ ಸಲ ಅದಕ್ಕೆ ಬೇರೆ ಯಾರೂ ಸಿಗಲಿಲ್ಲ, ಅವನೊಬ್ಬನೇ ಸಿಕ್ಕಿದ.

ಅಷ್ಟರಲ್ಲಿ ಕೆಂಪು ಜಾಕೆಟ್ಟು ಕಂಡಿತು. ಇಂಚರ ಅವನನ್ನು ದಾಟಿಕೊಂಡು ನೇರ ನೀರಿಗಿಳಿದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಚಪ್ಪರದಿಂದ ಬಂದ ಗುರು ಅವಳ ಕಾಲಿಗೆ ಹಲಗೆ ಕಟ್ಟಿದ.

"ತಾತ, ಮಾಮಂಗೆ ಹೇಳಿ. ದಾರ ಹಿಡ್ಕೊಂಡು ಬಾಯಿ ಮುಚ್ಕೊಂಡಿರಬೇಕು."

ಚೌಡೇಶ ಬೋಟು ಹತ್ತಿ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನಿನ್ನ ಮಾತಿನ ಸಹವಾಸ ನನಗೆ ಬೇಡಪ್ಪ," ಎಂದ ಪಿಳ್ಳಪ್ಪ. "ಹಗ್ಗ ಬಿಗಿಯಾಗೋವರೆಗೆ ಮೆಲ್ಲಗೆ ಹೋಗ್ತೀನಿ. ಬೆನ್ನು ತಟ್ಟು, ಜೋರು ಮಾಡ್ತೀನಿ. ಎರಡು ಸಲ ತಟ್ಟು, ನಿಲ್ಲಿಸ್ತೀನಿ."

ಬೋಟು ಮೆಲ್ಲಗೆ ಸರಿದು ಹಗ್ಗ ಬಿಗಿಯಾಯಿತು. ಮಗುವಿನ ಕೈ ನೇರವಾಯಿತು, ತುಟಿ ನಡುಗಿತು.

"ಮಾಮ!" ಎಂದು ಕೂಗಿದಳು. ಟೂ ಬಿಟ್ಟದ್ದು ಮರೆತೇಹೋಗಿತ್ತು. "ಬಿಡು!"

ಚೌಡೇಶ ಗಲಿಬಿಲಿಗೊಂಡ. ಬೋಟು ಬಿಡು ಅಂದಳೋ, ಹಗ್ಗ ಬಿಡು ಅಂದಳೋ? ಹಗ್ಗ ಅಂದಿದ್ದು ಇವನು ಬೋಟು ಬಿಟ್ಟರೆ ಅವಳು ಇನ್ನು ಜನ್ಮದಲ್ಲಿ ನೀರಿಗೆ ಬರುವುದಿಲ್ಲ. ಬೋಟು ಅಂದಿದ್ದು ಇವನು ದಾರ ಎಳೆದರೆ, ಮಾಮನಿಗೆ ನನ್ನ ಮೇಲೆ ನಂಬಿಕೆಯಿಲ್ಲ ಅಂತ ಎದ್ದು ಹೋಗುತ್ತಾಳೆ. ಒಂದು ಕೈ ದಾರದ ಮೇಲೆ, ಒಂದು ಕೈ ಪಿಳ್ಳಪ್ಪನ ಬೆನ್ನ ಹತ್ತಿರ. ಅವನು ಕತ್ತು ತಿರುಗಿಸಿ ದಡದ ಕಡೆ ನೋಡಿದ.

"ಗುರುಗಳೇ! ಯಾವ ಬಿಡು?"

ಗುರು ಹೆಗಲ ಮೇಲಿನ ಟವೆಲು ತೆಗೆದು ನೆಲಕ್ಕೆ ಬಡಿದ.

"ಅವಳ ಮುಖ ನೋಡೋ, ಕತ್ತೆ! ನನ್ನನ್ನ ಬಿಡು!"