ಅರಗಿನ ಬೊಟ್ಟು

‘ಗುರುಗಳೇ, ನಿಮಗೆ ತಿಳಿದದ್ದರಲ್ಲಿ ಅರ್ಧವನ್ನೇ ನನಗೆ ಹೇಳುತ್ತೀರಿ. ಉಳಿದರ್ಧವನ್ನು ಯಾರಿಗೆ ಇಟ್ಟುಕೊಂಡಿದ್ದೀರಿ?’

ಕೇಳಿದವನು ಸುಬ್ರಾಯ. ಆಶ್ರಮದಲ್ಲಿ ಅವನಷ್ಟು ದೊಡ್ಡ ಕಂಠ ಇನ್ನಾರಿಗೂ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಊರೂರಿಗೆ ಹೋಗಿ ಪ್ರವಚನ ಮಾಡಲು ಗುರುಗಳು ಅವನನ್ನೇ ಆರಿಸಿದ್ದರು. ಆದರೆ ಅವನ ಪಾಠ ಪ್ರತಿದಿನ ಒಂದೇ ಶ್ಲೋಕಕ್ಕೆ ನಿಲ್ಲುತ್ತಿತ್ತು. ಇನ್ನೊಬ್ಬ ಶಿಷ್ಯನೊಡನೆ ಗುರುಗಳು ಬಾಗಿಲು ಮುಂದೆ ಮಾಡಿಕೊಂಡು ಮಾತಾಡುವುದನ್ನು ಸುಬ್ರಾಯ ಕಂಡಿದ್ದ. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

‘ಕದ್ದಿಟ್ಟಿದ್ದೀರಿ ಅನ್ನು. ಅಷ್ಟಕ್ಕೆ ಇಷ್ಟು ಸುತ್ತು ಬಳಸಿ ಯಾಕೆ ಬಂದೆ?’ ಎಂದು ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ತಾಂಡೇಲನಿದ್ದ. ಬೋಟು ನಡೆಸುವ ಯಜಮಾನನನ್ನು ಕಡಲಿನವರು ಹಾಗೆ ಕರೆಯುತ್ತಾರೆ. ಅವನದು ದೊಡ್ಡ ಬೋಟು, ಅವನ ತಮ್ಮನದು ಚಿಕ್ಕ ದೋಣಿ. ತಂದೆ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಸಾಕಿದವನು ಈ ಅಣ್ಣನೇ. ಇಬ್ಬರಲ್ಲೂ ವಯರ್‌ಲೆಸ್ ಸೆಟ್ ಇತ್ತು. ಆದರೆ ತಮ್ಮ ದೂರ ಹೋದರೆ ಅಣ್ಣನ ಮಾತು ಅವನಿಗೆ ಮುಟ್ಟುತ್ತಿರಲಿಲ್ಲ. ಅದೊಂದು ಚಿಂತೆ ತಾಂಡೇಲನನ್ನು ತಿನ್ನುತ್ತಿತ್ತು. ಅದಕ್ಕೇ ಅವನೊಂದು ಬೂಸ್ಟರ್ ತಂದ. ಸೆಟ್ಟಿನಿಂದ ಹೊರಟ ಮಾತನ್ನು ಹಿಗ್ಗಿಸಿ ದೂರಕ್ಕೆ ಕಳಿಸುವ ಪೆಟ್ಟಿಗೆ ಅದು.

ಬಂದರಿನ ರಿಪೇರಿಯವನು ಅದನ್ನು ಅಣ್ಣನ ಸೆಟ್ಟಿಗೆ ಜೋಡಿಸಿಕೊಟ್ಟ. ಜೋಡಿಸುವ ಮೊದಲು ಸೆಟ್ಟಿನೊಳಗಿನ ಒಂದು ಸ್ಕ್ರೂ ತಿರುಗಿಸಿ ಸೆಟ್ಟಿನ ಶಕ್ತಿಯನ್ನು ಅರ್ಧಕ್ಕೆ ತಗ್ಗಿಸಿದ. ಅದು ಅಲುಗದಿರಲಿ ಎಂದು ಮೇಲೊಂದು ಬೊಟ್ಟು ಅರಗು ಹಾಕಿದ.

‘ಸೆಟ್ಟನ್ನು ಅರ್ಧಕ್ಕೆ ತಗ್ಗಿಸಿದ್ದೇನೆ. ಬೀಸುವ ಕಲ್ಲಿಗೆ ಹಿಡಿಹಿಡಿಯಾಗಿ ಕಾಳು ಹಾಕಿದ ಹಾಗೆ, ಬೂಸ್ಟರಿಗೆ ಅದು ತಾಳುವಷ್ಟೇ ಕೊಡಬೇಕು. ಹೆಚ್ಚು ಕೊಟ್ಟರೆ ಸದ್ದು ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ,’ ಎಂದ.

ತಾಂಡೇಲನ ತಲೆಗೆ ಹೋದದ್ದು ಮೊದಲ ಮಾತು ಮಾತ್ರ. ತಗ್ಗಿಸಿದ್ದಾನೆ!

ಕಡಲಿನವರ ಸಂಶಯ ನಿನಗೆ ಗೊತ್ತಿಲ್ಲ ಮಾರಾಯ. ಮೀನು ಸಿಕ್ಕಿದವನು ವಯರ್‌ಲೆಸ್ಸಿನಲ್ಲಿ ಏನೂ ಇಲ್ಲ ಎನ್ನುತ್ತಾನೆ. ಏನೂ ಸಿಗದವನು ಮೀನಿನ ಭಾರಕ್ಕೆ ಬಲೆ ಎಳೆಯಲಾಗುತ್ತಿಲ್ಲ ಎನ್ನುತ್ತಾನೆ. ಕೇಳುವವರು ಎರಡನ್ನೂ ತಿರುಗಿಸಿ ಅರ್ಥಮಾಡಿಕೊಳ್ಳುತ್ತಾರೆ. ಹೀಗೆ ಬದುಕಿದವನು ನೆಟ್ಟಗಿನ ಮಾತು ಬಂದರೆ ಅದನ್ನೂ ತಿರುಗಿಸಿಯೇ ನೋಡುತ್ತಾನೆ. ಸಾಲದ್ದಕ್ಕೆ ಆ ರಿಪೇರಿಯವನು ಬಂದರಿನ ಇನ್ನೊಬ್ಬ ತಾಂಡೇಲನ ಷಡ್ಡಕ. ಆ ಇನ್ನೊಬ್ಬನಿಗೂ ಇವನಿಗೂ ಬಲೆ ಹಾಕುವ ಜಾಗದ ವಿಷಯದಲ್ಲಿ ಹಳೆಯ ಜಗಳ.

ಬೂಸ್ಟರ್ ಚೆನ್ನಾಗಿಯೇ ಕೆಲಸ ಮಾಡಿತು. ತಮ್ಮ ಎಷ್ಟು ದೂರ ಹೋದರೂ ಅಣ್ಣನ ಒಂದೊಂದು ಅಕ್ಷರವೂ ಅವನಿಗೆ ಕೇಳಿಸಿತು. ತಾಂಡೇಲನ ನೆಮ್ಮದಿ ಕೆಡಿಸಿದ್ದೇ ಅದು. ಅರ್ಧದಲ್ಲೇ ಇಷ್ಟಾದರೆ ಪೂರ್ತಿಯಲ್ಲಿ ಎಷ್ಟಾಗಬೇಕು? ಉಳಿದರ್ಧವನ್ನು ಯಾರಿಗಾಗಿ ಮುಚ್ಚಿಟ್ಟ? ಮನಸ್ಸು ಸರಿ ಇದ್ದವನು ಮೇಲೆ ಅರಗು ಯಾಕೆ ಹಾಕುತ್ತಾನೆ? ನೀನು ಲೆಕ್ಕ ಹಾಕಿದ ಹಾಗೆಯೇ ಹಾಕಿದ, ನೋಡು.

ಅರಗು ಕೆರೆದು ತೆಗೆದ. ಸ್ಕ್ರೂವನ್ನು ಕೊನೆಯವರೆಗೂ ತಿರುಗಿಸಿದ. ಬೂಸ್ಟರಿನ ಮೇಲೆ ಶಕ್ತಿ ತೋರಿಸುವ ಮುಳ್ಳು ಆ ತುದಿಗೆ ಹೋಗಿ ನಿಂತಿತು. ತಾಂಡೇಲನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರನೆಯ ದಿನದಿಂದ ಬೇರೆ ಬೋಟಿನವರು ಬೈಯತೊಡಗಿದರು. ಇದೇನು ನಿನ್ನ ಗರಗರ, ಒಂದಕ್ಷರ ತಿಳಿಯುವುದಿಲ್ಲ, ನಮ್ಮ ಮಾತೂ ಅದರಲ್ಲಿ ಮುಳುಗುತ್ತಿದೆ ಎಂದರು. ಇವರಿಗೆ ಹೊಟ್ಟೆ ಉರಿಯುತ್ತಿದೆ ಎಂದುಕೊಂಡ. ತಮ್ಮನನ್ನು ಕೇಳಿದ. ತಮ್ಮನಿಗೆ ಅಣ್ಣನ ಎದುರು ಕೊರತೆ ಹೇಳಿ ಅಭ್ಯಾಸವಿಲ್ಲ. ಜೋರಾಗಿ ಕೇಳಿಸುತ್ತದೆ ಎಂದಷ್ಟೇ ಹೇಳಿದ. ಅದು ಸುಳ್ಳೂ ಅಲ್ಲ, ಜೋರಾಗಿಯೇ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಗಾಳಿ ಎದ್ದಿತು. ತಾಂಡೇಲ ಬಂದರು ಸೇರಿಕೊಂಡ. ತಮ್ಮ ಇನ್ನೂ ಹೊರಗಿದ್ದ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆಗಳು ಮುರಿದು ಬೀಳುತ್ತಿದ್ದವು. ಅಂಥ ಹೊತ್ತಿನಲ್ಲಿ ಚಿಕ್ಕ ದೋಣಿ ಅಳಿವೆಗೆ ನುಗ್ಗಿದರೆ ಉಳಿಯುವುದಿಲ್ಲ. ಹೊರಗೆ ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿ ನಿಂತರೆ ಉಳಿಯುತ್ತದೆ. ತಾಂಡೇಲ ಸೆಟ್ಟಿನ ಬಟನ್ ಒತ್ತಿ ಕೂಗಿದ.

‘ಅಳಿವೆಗೆ ಬರಬೇಡ. ನಡುಗಡ್ಡೆಗೆ ಹೋಗು.’

ತಮ್ಮನ ದನಿ ಸಣ್ಣಗೆ ಬಂತು. ‘ಆಯ್ತು ಅಣ್ಣಾ, ಬಂದೆ.’

ತಾಂಡೇಲ ಸೆಟ್ಟಿಗೆ ಬಾಯಿ ತಾಗಿಸಿದ. ಬರಬೇಡ, ಬರಬೇಡ ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಕೂಗಿದಷ್ಟೂ ಮಾತು ಒಡೆಯಿತು. ಆಗ ಆ ಇನ್ನೊಬ್ಬ ತಾಂಡೇಲ, ಹಳೆಯ ಜಗಳದವನು, ಸೆಟ್ಟಿನಲ್ಲಿ ನಡುವೆ ಬಂದ. ನೀನು ಹೇಳುವುದು ಯಾರಿಗೂ ತಿಳಿಯುತ್ತಿಲ್ಲ, ಒಂದು ಗಳಿಗೆ ಬಾಯಿ ಮುಚ್ಚು, ನಿನ್ನ ತಮ್ಮನಿಗೆ ನಾನು ಹೇಳುತ್ತೇನೆ ಎಂದ. ಇವನು ನನ್ನ ತಮ್ಮನಿಗೆ ಏನು ಹೇಳಿಬಿಡುತ್ತಾನೋ ಎಂದು ತಾಂಡೇಲನಿಗೆ ಭಯ. ಅವನು ಮತ್ತೆ ಬಟನ್ ಒತ್ತಿದ, ಬಿಡಲೇ ಇಲ್ಲ. ಆ ಗರಗರದಲ್ಲಿ ಇನ್ನೊಬ್ಬನ ಮಾತೂ ಮುಳುಗಿಹೋಯಿತು.

ದೋಣಿ ಅಳಿವೆಯಲ್ಲಿ ಅಣ್ಣನ ಕಣ್ಣೆದುರಿಗೇ ಮಗುಚಿತು. ತಮ್ಮನ ಜೊತೆಗಿದ್ದ ಆಳು ಈಜಿ ದಡ ಸೇರಿದ. ತಮ್ಮ ಸೇರಲಿಲ್ಲ.

ಆಗಲೂ ತಾಂಡೇಲನ ಸಂಶಯ ಸಾಯಲಿಲ್ಲ ಕಣಯ್ಯ. ಒದ್ದೆಯಾಗಿ ನಡುಗುತ್ತಿದ್ದ ಆ ಆಳಿನ ಕುತ್ತಿಗೆಪಟ್ಟಿ ಹಿಡಿದ. ಬೇಡವೆಂದರೂ ಯಾಕೆ ಬಂದಿರಿ, ನಿಮಗೆ ಯಾರು ಹೇಳಿಕೊಟ್ಟರು ಎಂದು ಅಲುಗಾಡಿಸಿದ. ಆಳು ಅಳುತ್ತಲೇ ಹೇಳಿದ.

‘ಬರಬೇ ಅನ್ನುವವರೆಗೆ ಕೇಳಿಸಿತು. ಮುಂದೆ ಬರೀ ಸದ್ದು. ಅಣ್ಣ ಬರಬೇಕು ಅನ್ನುತ್ತಿದ್ದಾನೆ, ಇಲ್ಲದಿದ್ದರೆ ಇಷ್ಟು ಕೂಗುತ್ತಿದ್ದನಾ ಅಂದರು ನಿಮ್ಮ ತಮ್ಮ.’

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಸುಬ್ರಾಯನ ಮುಖ ಬಾಡಿತ್ತು. ಆದರೂ ಕೇಳದೆ ಇರಲು ಅವನಿಂದಾಗಲಿಲ್ಲ.

‘ಸರಿಯಾಗಿ ಕೇಳಿಸದಿದ್ದರೆ ಆ ತಮ್ಮ ಇನ್ನೊಂದು ಸಲ ಕೇಳಬಹುದಿತ್ತಲ್ಲ, ಗುರುಗಳೇ?’

‘ನಂಬಿದವನು ಎರಡನೇ ಸಲ ಕೇಳುವುದಿಲ್ಲ ಸುಬ್ರಾಯ, ನೀನು ತಾಳುವಷ್ಟೇ ಕೊಟ್ಟು ನಾನು ಇಟ್ಟುಕೊಂಡ ಆ ಅರ್ಧ, ನಾಳೆ ನಿನ್ನ ಪ್ರವಚನ ಕೇಳಿ ನಿನ್ನನ್ನು ನಂಬುವವನಿಗಾಗಿ.’